ಗೂಬೆಯ ಮಾತು ಎತ್ತಬಾರದು

ಹಕ್ಕಿ ತೋರಿಸುತ್ತೇನೆಂದು ನಾನು ಜನರನ್ನು ಕಾಡಿಗೆ ಕರೆದುಕೊಂಡು ಹೋದಾಗಲೆಲ್ಲ ಹಕ್ಕಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಕಾಣಿಸುತ್ತದೆ. ಒಂದು ಸಲ ಹೀಗಾಗಿದ್ದರೆ ಗ್ರಹಚಾರ ಎನ್ನಬಹುದಿತ್ತು. ಪ್ರತಿ ಬೇಸಿಗೆಯೂ ಆಗುತ್ತಿರುವುದರಿಂದ ಈಗ ಇದನ್ನೇ ಪದ್ಧತಿ ಅಂದುಕೊಂಡಿದ್ದೇನೆ.

ನಾನು ಸಿಂಧನೂರಿನ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಬೇಸಿಗೆ ರಜೆ ಬಂತೆಂದರೆ ಭಾನುವಾರ ಬೆಳಗ್ಗೆ ಒಂದು ಕ್ರೂಸರ್ ಗಾಡಿಯ ತುಂಬ ಜನರನ್ನು ಹೇರಿಕೊಂಡು ಹೊರಡುತ್ತೇನೆ. ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೋದರೆ ಒಂದು ಕಲ್ಲುಗುಡ್ಡ, ಅದರ ಬುಡಕ್ಕೆ ಕುರುಚಲು ಕಾಡು. “ಏನ್ರೀ ಮೇಡಂ, ಇಂಥಾ ಬಿಸಲಾಗ ಕತ್ತೆನೂ ಹೊರಗ ಬರಂಗಿಲ್ಲ, ನಾವ್ಯಾಕ ಹೋಗಬೇಕು?” ಎಂದು ಕೇಳದವರಿಲ್ಲ. ಬೇಸಿಗೆಯಲ್ಲಿ ಎಲೆ ಉದುರಿರುತ್ತದೆ, ಹಕ್ಕಿಗೆ ಅಡಗಲು ಜಾಗವಿರುವುದಿಲ್ಲ, ನೀರು ಒಂದೇ ಕಡೆ ಉಳಿದಿರುವುದರಿಂದ ಎಲ್ಲವೂ ಅಲ್ಲಿಗೇ ಬರುತ್ತವೆ ಎಂದು ನಾನು ವಿವರಿಸುತ್ತೇನೆ. ಅದು ನಿಜವೇ. ಹಕ್ಕಿಗೆ ಅಡಗಲು ಜಾಗವಿಲ್ಲದ ಕಾಡಿನಲ್ಲಿ ನಮಗೂ ನಿಲ್ಲಲು ನೆರಳಿರುವುದಿಲ್ಲ ಎಂಬುದನ್ನು ಮಾತ್ರ ಗಾಡಿ ಹೊರಡುವ ತನಕ ಹೇಳುವುದಿಲ್ಲ.

ಆ ಗುಡ್ಡದಲ್ಲಿ ಒಂದು ಕೊಂಬಿನ ಗೂಬೆ ಇದೆ. ದೊಡ್ಡ ಗೂಬೆ, ತಲೆಯ ಮೇಲೆ ಕೊಂಬಿನಂತೆ ಎರಡು ಪುಕ್ಕ. ಇದೆ ಎಂದು ನಾನು ಹೇಳುತ್ತೇನೆ. ಅದು ಉದುರಿಸಿದ ಗರಿ ಸಿಕ್ಕಿದೆ, ಅದು ತಿಂದು ಉಗುಳಿದ ಇಲಿಯ ಎಲುಬು ಸಿಕ್ಕಿದೆ. ಗೂಬೆ ಮಾತ್ರ ಸಿಕ್ಕಿಲ್ಲ. ಪ್ರತಿ ಬೇಸಿಗೆ ಮೊದಲ ವಾರವೇ “ಈ ಸಲ ತೋರಿಸೇ ತೋರಿಸ್ತೀನಿ” ಎಂದು ಎಲ್ಲರಿಗೂ ಮಾತು ಕೊಡುತ್ತೇನೆ. ನಮ್ಮ ಓಣಿಯಲ್ಲಿ ಆಗದ ಕೆಲಸಕ್ಕೆ ‘ಮೇಡಂ ಅವರ ಗೂಬೆ’ ಎನ್ನುವ ರೂಢಿಯೇ ಬಿದ್ದುಬಿಟ್ಟಿದೆ.

ಇದರಲ್ಲಿ ನನ್ನ ಮರ್ಯಾದೆ ಹೋಗುವುದು ಹೋಗಲಿ. ಈ ಸಲ ಹೋಗುವುದರಲ್ಲಿದ್ದದ್ದು ನನ್ನ ತಮ್ಮನ ಮದುವೆ. ಅವನು ತಾಲ್ಲೂಕು ಆಫೀಸಿನಲ್ಲಿ ನೌಕರಿ ಮಾಡುತ್ತಾನೆ, ಭಾನುವಾರ ನನ್ನ ಹಕ್ಕಿ ಗಾಡಿ ಓಡಿಸುತ್ತಾನೆ. ಒಳ್ಳೆಯ ಹುಡುಗ. ಮಾತು ಕಡಿಮೆ. ಚಿಕ್ಕಂದಿನಿಂದ ನಾನು “ಸುಮ್ನಿರಲೇ” ಎಂದದ್ದನ್ನು ಅವನೊಬ್ಬನೇ ಮನಸ್ಸಿಗೆ ತೆಗೆದುಕೊಂಡವನು. ಹುಡುಗಿ ನೋಡಲು ಶುರುಮಾಡಿ ವರ್ಷಗಳಾದವು, ಒಂದೂ ಕೂಡಿಬರಲಿಲ್ಲ. ಹೋದ ವರ್ಷದ ಸಂಬಂಧ ಇನ್ನೇನು ಆಯಿತು ಎನ್ನುವಾಗ ಹುಡುಗಿಯ ಕಡೆಯವರು ನಮ್ಮ ಓಣಿಗೆ ಬಂದು ಕಿರಾಣಿ ಅಂಗಡಿಯವನನ್ನು ವಿಚಾರಿಸಿದರು. ಅವನು “ಹುಡುಗ ಬಂಗಾರ ಅದಾನ್ರಿ. ಅವನ ಅಕ್ಕ ಮಾತ್ರ ಸುಡು ಬಿಸಲಾಗ ಗಿಡ ನೋಡಿಕೋತ ತಿರಗತಾಳ” ಅಂದನಂತೆ. ಅವರು ಚಹಾ ಕೂಡ ಕುಡಿಯದೆ ಹೋದರು.

ಅಂದಿನಿಂದ ನಮ್ಮವ್ವನಿಗೆ ನನ್ನ ದುರ್ಬೀನು ಕಂಡರೆ ಆಗುವುದಿಲ್ಲ. ತವರು ನಮ್ಮ ಮನೆಯಿಂದ ಒಂದೇ ಓಣಿ ಆಚೆ, ಹಾಗಾಗಿ ಬೈಸಿಕೊಳ್ಳಲು ದೂರ ಹೋಗಬೇಕಾಗಿಲ್ಲ. “ಈ ಬ್ಯಾಸಿಗ್ಯಾಗ ಇವನ ಮದುವಿ ನಿನ್ನ ಸಲುವಾಗಿ ತಪ್ಪಿದ್ರ, ಆ ದುರ್ಬೀನು ತಗೊಂಡು ಹೋಗಿ ಕಾಲುವ್ಯಾಗ ಒಗೀತೀನಿ” ಎಂದಳು. ಒಗೆಯುವವಳೇ ಅವಳು. ನನಗೆ ಭಯವೂ ಆಯಿತು, ದುಃಖವೂ ಆಯಿತು. ತಮ್ಮನ ತಲೆಯಲ್ಲಿ ಬಿಳಿ ಕೂದಲು ಕಾಣತೊಡಗಿದ್ದವು, ಅವಕ್ಕೆ ನಾನೇ ಕಾರಣ ಎಂದು ಅನಿಸುತ್ತಿತ್ತು. ಆದರೂ ರಜೆ ಬಂತು, ಭಾನುವಾರ ಬಂತು, ನಾನು ಗಾಡಿ ಹತ್ತಿದೆ.

ಎಲೆ ಬಣ್ಣ

ಹಕ್ಕಿ ನೋಡಲು ಬರುವವರು ಕಣ್ಣಿಗೆ ಹೊಡೆಯುವ ಬಟ್ಟೆ ಹಾಕಬಾರದು. ಮೊದಲ ವಾರವೇ ಎಲ್ಲರ ಫೋನಿಗೂ ತಿಳಿಸಿದ್ದೆ: ಕಾಡಿನಲ್ಲಿ ಬೆರೆತು ಹೋಗಬೇಕು, ಎಲೆಯ ಬಣ್ಣದ ಬಟ್ಟೆ ಹಾಕಿಕೊಂಡು ಬನ್ನಿ.

ವಳಕಮದಿನ್ನಿಯ ಅಂಗನವಾಡಿ ಟೀಚರ್ ಗಿಣಿ ಹಸಿರಿನ ಸೀರೆ ಉಟ್ಟು ಬಂದರು. ಬರೀ ಹಸಿರಲ್ಲ, ಜರಿ ಅಂಚು ಬೇರೆ. ರವಿಕೆ ಹಸಿರು, ಬಳೆ ಹಸಿರು, ಕೊಡೆಯೂ ಹಸಿರು. ಅವರ ಊರಿನಲ್ಲಿ ಕಾಲುವೆ ನೀರು, ಕಣ್ಣು ಹಾಯಿಸಿದಷ್ಟೂ ಭತ್ತ. ಎಲೆ ಎಂದರೆ ಅವರ ಕಣ್ಣಿಗೆ ಕಟ್ಟುವುದು ಅದೇ ಬಣ್ಣ. ನಾವು ಹೋದ ಕಾಡಿನಲ್ಲಿ ಎಲೆಯೇ ಇರಲಿಲ್ಲ. ಇದ್ದ ಹುಲ್ಲು ಒಣಗಿ ಬೂದಿಯಾಗಿತ್ತು, ಗಿಡಗಳು ಬರಿಯ ಕಡ್ಡಿಯಾಗಿ ನಿಂತಿದ್ದವು. ಅದರ ನಡುವೆ ಟೀಚರ್ ನಡೆದು ಬರುತ್ತಿದ್ದರೆ ಒಂದು ಗದ್ದೆಯ ಮಡಿಯೇ ಎದ್ದು ಬಂದಂತೆ ಕಾಣುತ್ತಿತ್ತು.

“ಟೀಚರ್, ಸ್ವಲ್ಪ ಗಿಡದ ಹಿಂದ ನಿಲ್ರಿ” ಎಂದೆ.

“ಯಾವ ಗಿಡದ ಹಿಂದ್ರೀ ಮೇಡಂ? ಇಲ್ಲಿರೂದ್ರಾಗ ನಾನೇ ದೊಡ್ಡ ಗಿಡ ಅದೀನಿ.”

ಮಾತು ಸುಳ್ಳಾಗಿರಲಿಲ್ಲ. ಅಷ್ಟರಲ್ಲಿ ಗುಡ್ಡದ ಮೇಲೆ ಮೇಯುತ್ತಿದ್ದ ಆಡಿನ ಹಿಂಡೊಂದಕ್ಕೆ ಆ ಹಸಿರು ಕಂಡಿತು. ಮುಂದಿನ ಹೋತ ಕತ್ತೆತ್ತಿ ನೋಡಿತು, ಆಮೇಲೆ ಇಡೀ ಹಿಂಡು ಕೆಳಗೆ ಓಡಿಬಂತು. ಟೀಚರ್ ಕೊಡೆ ಬಿಟ್ಟು ಗಾಡಿಯ ಕಡೆ ಓಡಿದರು, ಆಡುಗಳು ಟೀಚರ್ ಹಿಂದೆ, ಆಡು ಕಾಯುವವಳು ಆಡುಗಳ ಹಿಂದೆ, ನಾನು ಎಲ್ಲರ ಹಿಂದೆ “ಸುಮ್ನಿರ್ರಿ, ಹಕ್ಕಿ ಹಾರತಾವ” ಎಂದು ಕೂಗುತ್ತಾ ಓಡಿದೆ. ಆ ದಿನ ನಾವು ಹತ್ತಿರದಿಂದ ನೋಡಿದ ಪ್ರಾಣಿ ಆಡು. ಅದು ಸೆರಗಿನ ತುದಿ ತಿಂದಿತು.

ಬಿಕ್ಕಳಿಕೆ

ನಮ್ಮ ಕಡೆ ಖಾಲಿ ಹೊಟ್ಟೆಯಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ, ಕಾಡಿಗಂತೂ ಹೋಗುವುದೇ ಇಲ್ಲ. ಮಸ್ಕಿ ಬಂತೆಂದರೆ ಗಾಡಿ ತಾನಾಗಿಯೇ ಮಿರ್ಚಿ ಕರಿಯುವ ಹೋಟೆಲಿನ ಎದುರು ನಿಲ್ಲುತ್ತದೆ. ಮಂಡಕ್ಕಿ ಒಗ್ಗರಣಿ ತಿನ್ನಬೇಕು, ಮಿರ್ಚಿ ತಿನ್ನಬೇಕು, ಅರ್ಧ ಕಪ್ ಚಹಾ ಕುಡಿಯಬೇಕು. ಹಕ್ಕಿಗಳು ಸೂರ್ಯ ಹುಟ್ಟುವಾಗ ಏಳುತ್ತವೆ ಎಂದು ನಾನು ಹೇಳಿದರೆ “ಏಳಲಿ ಬಿಡ್ರೀ, ಅವೂ ನಾಷ್ಟಾ ಮಾಡ್ಲಿ” ಎಂಬ ಉತ್ತರ ಬರುತ್ತದೆ.

ಆಡಿನ ಪ್ರಸಂಗದ ಮುಂದಿನ ವಾರ ಬ್ಯಾಂಕಿನ ಕ್ಯಾಷಿಯರ್ ಒಬ್ಬರು ಹೆಂಡತಿಯ ಜೊತೆ ಬಂದಿದ್ದರು. ಮಿರ್ಚಿಯ ಮೇಲೆ ಅವರಿಗೆ ಬಹಳ ಪ್ರೀತಿ. ಅಲ್ಲಿ ತಿಂದದ್ದಲ್ಲದೆ ದಾರಿಗೂ ಕಟ್ಟಿಸಿಕೊಂಡರು. ಗುಡ್ಡದ ಬುಡದಲ್ಲಿ ಬಂಡೆಯ ತಗ್ಗಿನಲ್ಲಿ ಸ್ವಲ್ಪ ನೀರು ನಿಂತಿರುತ್ತದೆ, ಹಕ್ಕಿಗಳೆಲ್ಲ ಕುಡಿಯಲು ಬರುವುದು ಅಲ್ಲಿಗೆ. ಎಲ್ಲರನ್ನೂ ಒಂದು ಬಂಡೆಯ ಹಿಂದೆ ಕೂರಿಸಿ, ಬಾಯಿಯ ಮೇಲೆ ಬೆರಳಿಟ್ಟು, ಉಸಿರು ಬಿಗಿ ಹಿಡಿಯಿರಿ ಎಂದೆ. ಎಲ್ಲರೂ ಹಿಡಿದರು. ಆಗ ಕ್ಯಾಷಿಯರಿಗೆ ಬಿಕ್ಕಳಿಕೆ ಬಂತು.

ಒಂದು ಬಿಕ್ಕಳಿಕೆಗೆ ಬೆಳವಕ್ಕಿಗಳು ಹಾರಿದವು. ಎರಡನೆಯದಕ್ಕೆ ನಮ್ಮವರ ಬಾಯಿ ತೆರೆಯಿತು. ಬಿಕ್ಕಳಿಕೆ ಬಂದರೆ ಯಾರೋ ನೆನೆಸುತ್ತಿದ್ದಾರೆ ಎಂದು ಲೆಕ್ಕ. ನೆನೆಸುವವರ ಹೆಸರು ಸರಿಯಾಗಿ ಹೇಳಿಬಿಟ್ಟರೆ ನಿಲ್ಲುತ್ತದೆ. ಈ ಔಷಧ ಬಿಟ್ಟು ಬೇರೆ ಮಾಡಲು ನಮ್ಮವರಿಗೆ ಗೊತ್ತಿಲ್ಲ.

“ನಿಮ್ಮ ಅವ್ವ ನೆನಸಾಕತ್ತಾಳ ನೋಡ್ರಿ” ಎಂದು ಒಬ್ಬರು ಪಿಸುಗುಟ್ಟಿದರು.

ಬಿಕ್ಕಳಿಕೆ.

“ಅಣ್ಣ ಇರಬೇಕು.”

ಬಿಕ್ಕಳಿಕೆ.

“ಊರಾಗಿನ ಮಾವ?” ಎಂದರು ಹೆಂಡತಿ. ದೊಡ್ಡ ಬಿಕ್ಕಳಿಕೆ.

ಅಂಗನವಾಡಿ ಟೀಚರ್, ಈ ಸಲ ಕಂದು ಸೀರೆ ಉಟ್ಟವರು, ಸಹಾಯ ಮಾಡುವ ಉದ್ದೇಶದಿಂದಲೇ ಅಂದರು: “ನಿಮ್ಮ ಬ್ಯಾಂಕಿಗೆ ಹೊಸದಾಗಿ ಬಂದಾರಲ್ರೀ, ಮ್ಯಾನೇಜರ್ ಮೇಡಂ, ಅವರೇನಾರ?”

ಬಿಕ್ಕಳಿಕೆ ನಿಂತುಹೋಯಿತು.

ಆ ಬೇಸಿಗೆಯಲ್ಲಿ ಮೊದಲ ಸಲ ನಾನು ಬಯಸಿದಂಥ ನಿಶ್ಶಬ್ದ ಸಿಕ್ಕಿತು. ಒಂದು ಕಡ್ಡಿ ಬಿದ್ದರೂ ಕೇಳುತ್ತಿತ್ತು. ಗೌಜಲ ಹಕ್ಕಿಗಳು ಪೊದೆಯಿಂದ ಹೊರಬಂದು, ಮರಿಗಳನ್ನು ಸಾಲಾಗಿ ನಡೆಸಿಕೊಂಡು ಬಂದು, ನೀರು ಕುಡಿದು, ಮೈ ಕೊಡವಿ ಆರಾಮಾಗಿ ಹೋದವು. ಯಾರೂ ನೋಡಲಿಲ್ಲ. ಎಲ್ಲರೂ ಕ್ಯಾಷಿಯರ್ ಹೆಂಡತಿಯ ಮುಖ ನೋಡುತ್ತಿದ್ದರು. ವಾಪಸು ಬರುವಾಗ ಆ ಮನುಷ್ಯ ಸಿಂಧನೂರಿನ ತನಕ ಮತ್ತೆ ಬಿಕ್ಕಳಿಸಲು ಪ್ರಯತ್ನಪಟ್ಟರು. ಬರಲಿಲ್ಲ.

ಬೇವಿನ ನೆರಳು

ಅದರ ಮುಂದಿನ ವಾರ ಮಸ್ಕಿಯಲ್ಲಿ ಚಹಾ ಕುಡಿಯುವಾಗ ಕ್ಯಾಷಿಯರ್ ಕೇಳಿದರು (ಹೆಂಡತಿ ಬಂದಿರಲಿಲ್ಲ): “ಅಲ್ರೀ, ಇಲ್ಲಿ ಬಂಡಿಗಲ್ಲಿನ ಮ್ಯಾಲೆ ಅಶೋಕ ಚಕ್ರವರ್ತಿ ಬರೆಸಿದ್ದೈತಂತಲ್ಲ. ಇಂಥಾ ಬಿಸಲಾಗ ಅಂವ ಇಲ್ಲೀತನ ಬಂದಿದ್ನೇನು?”

ಎಂದೂ ಬಾಯಿ ಬಿಡದ ನನ್ನ ತಮ್ಮ ಹೇಳಿದ: “ಇಲ್ರೀ. ಬರೆಸಿ ಕಳಿಸ್ಯಾನ. ಶ್ಯಾಣ್ಯಾ ಇದ್ದ.”

ಆ ದಿನದ ಬಿಸಿಲು ಅಂಥದ್ದು. ಗುಡ್ಡದ ಬುಡದಲ್ಲಿ ಒಂದೇ ಒಂದು ಬೇವಿನ ಮರ ಎಲೆ ಹೊತ್ತು ನಿಂತಿದೆ. ಅದರ ಕೆಳಗೆ ಒಂದು ನಿಮಿಷ ಕುಳಿತು ಮುಂದೆ ಹೋಗೋಣ ಎಂದದ್ದೇ ನನ್ನ ತಪ್ಪು. ಬೇವಿನ ಗಾಳಿ ಬೀಸಿತು, ಬುತ್ತಿ ಬಿಚ್ಚಿದರು, ರೊಟ್ಟಿಯ ಮೇಲೆ ಮಜ್ಜಿಗೆ ಕುಡಿದರು. ನಾನು ಗೂಬೆ ಹುಡುಕುತ್ತಾ ಬಂಡೆಗಳ ಕಡೆ ಹೋಗಿ ಬರುವಷ್ಟರಲ್ಲಿ ಇಡೀ ತಂಡ ಟವೆಲು ಮುಖಕ್ಕೆ ಹಾಕಿಕೊಂಡು ಗೊರಕೆ ಹೊಡೆಯುತ್ತಿತ್ತು. ಅವರ ನಡುವೆ ಒಂದು ಚಂದ್ರಮುಕುಟ ಹಕ್ಕಿ, ತಲೆಯ ಕಿರೀಟ ಬಿಚ್ಚಿ ಮುಚ್ಚಿ ಮಾಡುತ್ತಾ, ಕ್ಯಾಷಿಯರ್ ಕಾಲಿನ ಹತ್ತಿರ ನೆಲ ಕುಕ್ಕುತ್ತಾ ಓಡಾಡುತ್ತಿತ್ತು. ಎಬ್ಬಿಸಿದರೆ ಹಾರಿಹೋಗುತ್ತದೆ, ಎಬ್ಬಿಸದಿದ್ದರೆ ಯಾರೂ ನೋಡುವುದಿಲ್ಲ. ನಿಂತಲ್ಲೇ ನಿಂತು ನಾನೊಬ್ಬಳೇ ಕಣ್ತುಂಬ ನೋಡಿದೆ. ಅವರು ಎದ್ದ ಮೇಲೆ ಹೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಂಡರು.

“ಹೌದ್ರಿ ಮೇಡಂ, ಬಂದಿರಬೇಕು” ಎಂದರು ಟೀಚರ್, ಗೂಬೆಯ ವಿಷಯಕ್ಕೆ ಹೇಳುತ್ತಾರಲ್ಲ, ಅದೇ ದನಿಯಲ್ಲಿ.

ಬಿಳಿ ಬಟ್ಟೆಯ ಹಿರಿಯರು

ಇಷ್ಟರಲ್ಲಿ ಲಿಂಗಸುಗೂರಿನ ಕಡೆಯ ಒಂದು ಸಂಬಂಧ ಬಂತು. ತಂದವಳು ನಮ್ಮ ಸೋದರತ್ತೆ. ಹುಡುಗಿ ನರ್ಸ್, ಅವಳ ಅಪ್ಪ ರಿಟೈರ್ ಆದ ಶಾಲಾ ಮಾಸ್ತರರು. ನಮ್ಮ ಹಾಗೆಯೇ ಬೌದ್ಧ ಧರ್ಮದ ಮನೆತನ. ಫೋಟೊ ಒಪ್ಪಿಗೆಯಾಗಿತ್ತು. ಇನ್ನು ಅವರು ಮನೆಗೆ ಬಂದು ನೋಡುವುದೊಂದೇ ಬಾಕಿ ಎಂದುಕೊಂಡಿದ್ದೆವು. ಶನಿವಾರ ಅತ್ತೆ ಫೋನು ಮಾಡಿದಳು.

“ಹುಡುಗಿ ಅಪ್ಪ ನಾಳೆ ನಿನ್ನ ಹಕ್ಕಿ ನೋಡಾಕ ನೇರ ಗುಡ್ಡಕ್ಕ ಬರ್ತಾರಂತ. ಮನಿಗೆ ಹೋದ್ರ ಎಲ್ಲಾರೂ ಇಸ್ತ್ರಿ ಹೊಡಕೊಂಡು ಕುಂತಿರತಾರ, ಕಾಡಿನಾಗ ಮನಿಷಾರು ಖರೆ ಕಾಣತಾರ ಅಂತಾರ. ತಾನು ಯಾರಂತ ಹೇಳಂಗಿಲ್ಲ. ನೀವೂ ಗೊತ್ತಿಲ್ಲದಂಗ ಇರ್ರಿ.”

“ಗುರ್ತು ಹ್ಯಾಂಗ ಹಿಡಿಯೂದು ಅತ್ತಿ?”

“ಹಿರೇರು. ಬಿಳಿ ಬಟ್ಟಿ, ಹೆಗಲ ಮ್ಯಾಲೆ ಟವೆಲು.”

ನಮ್ಮ ಜಿಲ್ಲೆಯ ಅರ್ಧ ಗಂಡಸರ ಗುರುತು ಅದು. ಆದರೂ ಅವ್ವ ರಾತ್ರೋರಾತ್ರಿ ಶೇಂಗಾ ಹೋಳಿಗೆ ಮಾಡಿ, ಬೆಳಗ್ಗೆ ಬುತ್ತಿಗಂಟು ಹಿಡಿದು ತಾನೂ ಗಾಡಿ ಹತ್ತಿದಳು. ಹತ್ತಿದವಳೇ ನನ್ನ ಕಿವಿಯಲ್ಲಿ ಹೇಳಿದಳು: “ಇವತ್ತ ಗೂಬಿ ಮಾತು ಎತ್ತಬ್ಯಾಡ. ಸಂಬಂಧ ಕೂಡೂ ದಿನ ಗೂಬಿ ಅಂದ್ರ ಚಲೋ ಅಲ್ಲ.”

“ಅವ್ವಾ, ನಾವು ಅದನ್ನೆಲ್ಲ ನಂಬಂಗಿಲ್ಲಲ್ಲ!”

“ನಾವು ನಂಬಂಗಿಲ್ಲ, ಖರೆ. ಅವರು ನಂಬತಾರೇನೋ, ಯಾರಿಗ್ಗೊತ್ತು?”

ಗುಡ್ಡದ ಬುಡಕ್ಕೆ ಹೋಗಿ ನೋಡಿದರೆ ಬಿಳಿ ಬಟ್ಟೆಯ, ಟವೆಲಿನ ಹಿರಿಯರು ಒಬ್ಬರಲ್ಲ, ಇಬ್ಬರಿದ್ದರು. ಒಬ್ಬರು ಬೇವಿನ ಮರದ ಕೆಳಗೆ ಕೈಯಲ್ಲೊಂದು ಕೋಲು ಹಿಡಿದು ನೆಟ್ಟಗೆ ನಿಂತಿದ್ದರು. ಮುಖ ಗಂಭೀರ, ಕಣ್ಣು ದೂರದ ಗುಡ್ಡದ ಮೇಲೆ. ಇನ್ನೊಬ್ಬರು ಆಗತಾನೆ ಆಟೋದಿಂದ ಇಳಿದು, ಇಳಿದ ಮೇಲೂ ಆಟೋದವನ ಮಗಳ ಪರೀಕ್ಷೆಯ ಬಗ್ಗೆ ಅವನನ್ನು ವಿಚಾರಿಸುತ್ತಿದ್ದರು. ಮಗಳನ್ನು ಕೊಡುವ ತಂದೆ ಹೇಗಿರುತ್ತಾನೆ? ಗಂಭೀರವಾಗಿರುತ್ತಾನೆ. ನಾನೂ ಅವ್ವನೂ ಒಬ್ಬರನ್ನೊಬ್ಬರು ನೋಡಿದೆವು, ಬೇವಿನ ಮರದ ಕಡೆಗೆ ನಡೆದೆವು.

“ಬರ್ರಿ ಸರ, ನೀರು ಕುಡೀರಿ. ಬಿಸಲು ಭಾಳ ಐತಿ” ಎಂದೆ.

ಅವರು ನೀರು ಕುಡಿದರು, ಮಾತಾಡಲಿಲ್ಲ. ಅವ್ವ ಹೋಳಿಗೆ ಕೊಟ್ಟಳು. ತಿಂದರು, ಮತ್ತೊಂದು ಕೊಟ್ಟರೆ ಅದನ್ನೂ ತಿಂದರು. ಆಮೇಲೆ ನನ್ನ ಕೊರಳು ನೋಡಿ “ಆ ದುರ್ಬೀನು ಸ್ವಲ್ಪ ಕೊಡ್ತೀರೇನ್ರೀ?” ಎಂದರು. ನಾನು ಯಾರಿಗೂ ಕೊಡದ ದುರ್ಬೀನನ್ನು ಎರಡೂ ಕೈಯಿಂದ ಕೊಟ್ಟೆ. ಅವರು ಕಣ್ಣಿಗೆ ಹಚ್ಚಿಕೊಂಡವರು ತೆಗೆಯಲೇ ಇಲ್ಲ. ಎಂಥ ಆಸಕ್ತಿ, ಎಂಥ ತಾಳ್ಮೆ! ಇಂಥ ಬೀಗರು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದುಕೊಂಡೆ.

ಇನ್ನೊಬ್ಬ ಹಿರಿಯರದ್ದು ಬೇರೆಯೇ ಕಥೆ. ಅವರ ಬಾಯಿ ನಿಲ್ಲುವಂತಿರಲಿಲ್ಲ. ಕಟ್ಟಿಗೆ ಹೊತ್ತ ಹೆಂಗಸು ಎದುರು ಬಂದರೆ “ಯಾವೂರವ್ವಾ ನಿಂದು? ಮಕ್ಕಳೆಷ್ಟು?” ಎಂದು ಕೇಳಿದರು. ಆಡು ಕಾಯುವವಳನ್ನು ನಿಲ್ಲಿಸಿ ಮಳೆ ಯಾವಾಗ ಬರಬಹುದೆಂದು ವಿಚಾರಿಸಿದರು. ಅವಳು ಹೇಳಿದಳು, ಇವರು ಒಪ್ಪಲಿಲ್ಲ, ಅದರ ಮೇಲೆ ಚರ್ಚೆಯಾಯಿತು. ನಾನು ಬಾಯಿಯ ಮೇಲೆ ಬೆರಳಿಟ್ಟೆ.

“ಸುಮ್ನಿರ್ರಿ, ಹಕ್ಕಿ ಹಾರತಾವ.”

“ಎದುರಿಗೆ ಬಂದವರನ್ನ ಮಾತಾಡಸದಂಗ ಹೋದ್ರ ಏನಂದಾರವ್ವಾ? ಮುನಿಸ್ಕೊಂಡಾನ ಅಂತಾರ.”

“ಅಂದ್ರ ಅನ್ನಲಿ. ಇದು ಕಾಡು, ಸಂತಿ ಅಲ್ಲ.”

ಅವರು ಸುಮ್ಮನಾದರು. ಒಂದು ಬಂಡೆ ದಾಟುವ ತನಕ. ಅತ್ತ ಬೀಗರು ಮೌನವಾಗಿ ದುರ್ಬೀನು ಹಿಡಿದು ನಿಂತಿದ್ದಾರೆ, ಇತ್ತ ಈ ಹರಟೆ. ನಮ್ಮ ತಂಡದ ಬಗ್ಗೆ ಅವರು ಏನು ತಿಳಿದುಕೊಂಡಾರು! ತಮ್ಮನನ್ನು ಕರೆದು “ಆ ಮುದುಕರನ್ನ ನೀ ಹಿಂದ ಹಿಡ್ಕೊಂಡು ಬಾ. ಬೀಗರ ಹತ್ರ ಸುಳಿಗೊಡಬ್ಯಾಡ” ಎಂದೆ. ತಮ್ಮ ತಲೆಯಾಡಿಸಿ ಹೋದ. ಅವರು ಅವನ ಹೆಗಲ ಮೇಲೆ ಕೈ ಹಾಕಿ ಮಾತು ಶುರುಮಾಡಿದರು, ಅವನು ಕೇಳತೊಡಗಿದ.

ದುರ್ಬೀನು ಹಿಡಿದವರು ಅವ್ವನ ಜೊತೆ ಬುಡದಲ್ಲೇ ಉಳಿದರು, ನಾವು ಗುಡ್ಡ ಏರಿದೆವು. ಗುಡ್ಡದ ನಡುವೆ ಒಂದು ದೊಡ್ಡ ಬಂಡೆಯ ಗೋಡೆ ಇದೆ. ಅದಕ್ಕೆ ಬೆನ್ನು ಕೊಟ್ಟು ನಿಂತು, ಎಲ್ಲರನ್ನೂ ಎದುರು ಕೂರಿಸಿಕೊಂಡು, ಬೇಸಿಗೆಯಲ್ಲಿ ಹಕ್ಕಿಗಳು ಬಾಯಿ ತೆರೆದು ಕೂರುವುದೇಕೆ ಎಂದು ಮೆಲ್ಲಗೆ ಹೇಳುತ್ತಿದ್ದೆ. ನಡುವೆಯೇ ಆ ಹಿರಿಯರು ಕೈ ಎತ್ತಿದರು.

“ಮೇಡಂ, ಅಲ್ಲಿ...”

ನಾನು ಬೆರಳಿಟ್ಟೆ.

“ಅಲ್ರೀ, ನಿಮ್ಮ ಹಿಂದ...”

“ಸರ, ನಿಮಗ ಎಷ್ಟು ಸಲ ಹೇಳಬೇಕ್ರೀ? ಬಾಯಿ ಮುಚ್ಚಿಕೊಂಡು ಕುಂದ್ರಾಕ ಆಗಂಗಿಲ್ಲಂದ್ರ ಗಾಡ್ಯಾಗ ಹೋಗಿ ಕುಂದರ್ರಿ!”

ಅವರು ನನ್ನನ್ನು ನೋಡಿದರು, ನನ್ನ ತಲೆಯ ಮೇಲೆ ನೋಡಿದರು, ಪಕ್ಕದಲ್ಲಿದ್ದ ನನ್ನ ತಮ್ಮನನ್ನು ನೋಡಿದರು. ಆಮೇಲೆ ಟವೆಲಿನಿಂದ ಬಾಯಿ ಕಟ್ಟಿಕೊಂಡು ಕುಳಿತರು. ಎಷ್ಟೋ ಸಮಾಧಾನವಾಯಿತು.

ಅಷ್ಟರಲ್ಲಿ ಕೆಳಗಿನಿಂದ ಒಂದು ಕೂಗು: “ಸಿಕ್ತು! ಸಿಕ್ತು!”

ದುರ್ಬೀನಿನ ಹಿರಿಯರು! ನಾನು ಬಿದ್ದೆನೋ ಎದ್ದೆನೋ ಎಂದು ಇಳಿದು ಓಡಿದೆ. ಅವ್ವ ಹೇಳಿದ್ದೆಲ್ಲ ಮರೆತುಹೋಯಿತು. ಅವರು ದುರ್ಬೀನನ್ನು ನನ್ನ ಕಣ್ಣಿಗೇ ಹಿಡಿದರು. “ಆ ಜಾಲಿ ಗಿಡದ ಹಿಂದ ನೋಡ್ರಿ. ಕೊಂಬು ಕಾಣಾಕತ್ತಾವ.”

ಕೊಂಬು! ದುರ್ಬೀನು ಸರಿಮಾಡಿ ನೋಡಿದೆ. ಕೊಂಬು ಕಂಡವು. ಕೊಂಬಿನ ಕೆಳಗೆ ಕಿವಿ ಕಂಡವು. ಕಿವಿಯ ಕೆಳಗೆ ಮೆಲುಕು ಹಾಕುತ್ತಿದ್ದ ಒಂದು ಎಮ್ಮೆ ಕಂಡಿತು.

“ನಿನ್ನಿ ಸಂಜಿಂದ ಕಳದಿತ್ರೀ ಇದು” ಎಂದರು ಆ ಮನುಷ್ಯ, ಮೊದಲ ಸಲ ನಗುತ್ತಾ. “ಹುಡುಕಿ ಹುಡುಕಿ ಕಾಲು ಬಿದ್ದು ಹೋಗಿದ್ವು. ನಿಮ್ಮ ದುರ್ಬೀನು ಕಂಡು ನಿಂತೆ ನೋಡ್ರಿ. ಹೋಳಗಿ ಭಾಳ ರುಚಿ ಇದ್ವವ್ವಾ.”

ಕೋಲು ಬೀಸುತ್ತಾ ಅವರು ಎಮ್ಮೆಯ ಕಡೆ ಹೊರಟರು. ದುರ್ಬೀನು ಅವರ ಕೊರಳಲ್ಲೇ ಹೋಗುತ್ತಿತ್ತು, ತಮ್ಮ ಓಡಿಹೋಗಿ ಬಿಡಿಸಿಕೊಂಡು ಬಂದ. ಅವ್ವ ಖಾಲಿ ಡಬ್ಬಿ ಹಿಡಿದು ನಿಂತೇ ಇದ್ದಳು.

“ಹಂಗಾದ್ರ ಬೀಗರೆಲ್ಲಿ?” ಎಂದಳು.

ಎಲ್ಲರೂ ತಿರುಗಿ ನೋಡಿದೆವು. ಬೇವಿನ ನೆರಳಿಗೆ ಇಳಿದು ಬಂದು ಕುಳಿತಿದ್ದ ಇನ್ನೊಬ್ಬ ಹಿರಿಯರು ಬಾಯಿಗೆ ಕಟ್ಟಿದ್ದ ಟವೆಲನ್ನು ಮೆಲ್ಲಗೆ ಬಿಚ್ಚಿದರು.

“ಈಗ ಮಾತಾಡಬಹುದೇನ್ರೀ ಮೇಡಂ?”

ಶ್...

ಆ ವಾರ ನಾನು ಅನ್ನ ತಿಂದದ್ದು ನೆನಪಿಲ್ಲ. ಲಿಂಗಸುಗೂರಿನಿಂದ ಫೋನು ಬರಲಿಲ್ಲ. ಅವ್ವ ಬೈಯಲೂ ಇಲ್ಲ. ಸುಮ್ಮನೆ ಬಂದು ದುರ್ಬೀನು ತೆಗೆದುಕೊಂಡು ಹೋಗಿ ಜೋಳದ ಡಬ್ಬಿಯಲ್ಲಿ ಹೂತಿಟ್ಟಳು. ಬೈದಿದ್ದರೆ ಎಷ್ಟೋ ಬೇಕಾಗಿತ್ತು. ತಮ್ಮನ ಮುಂದೆ ಹೋಗಿ “ನನ್ನಿಂದ ಕೆಟ್ಟಿತಲ್ಲೋ” ಎಂದರೆ ಅವನು “ಇರಲಿ ಬಿಡಕ್ಕಾ” ಎಂದ. ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ. ಅವನು ನೀರು ತಂದುಕೊಟ್ಟ.

ಆಮೇಲೆ ಅತ್ತೆಯ ಫೋನು ಬಂತು. ಒಪ್ಪಿಗೆ! ನಿಶ್ಚಯ ಯಾವಾಗ ಇಟ್ಟುಕೊಳ್ಳುತ್ತೀರಿ ಎಂದು ಕೇಳುತ್ತಿದ್ದಾರೆ. ಅವ್ವ ಫೋನನ್ನೇ ಎರಡು ಸಲ ತಿರುಗಿಸಿ ನೋಡಿದಳು.

ನಿಶ್ಚಯದ ದಿನ ತವರುಮನೆಯ ಪಡಸಾಲೆಯಲ್ಲಿ ಬುದ್ಧವಂದನೆ ಮುಗಿದು ಊಟಕ್ಕೆ ಕುಳಿತಾಗ ನಾನು ಬಡಿಸುತ್ತಾ ಹೋಗಿ ಬೀಗರ ಮುಂದೆ ನಿಂತೆ. “ತಪ್ಪಾತ್ರಿ ಮಾಸ್ತರ. ನಾ ನಿಮಗ ಹಂಗ ಬೈಬಾರದಿತ್ತು. ಹ್ಯಾಂಗ ಒಪ್ಪಿದ್ರಿ?”

ಅವರು ನಕ್ಕರು. “ನನ್ನ ಮಗಳು ನನ್ನಂಗ ಅದಾಳವ್ವಾ. ಮಾತು ಶುರು ಮಾಡಿದ್ರ ನಿಲ್ಲಂಗಿಲ್ಲ. ನೋಡಾಕ ಬಂದ ಹುಡುಗರೆಲ್ಲ ತಾವೇ ಮಾತಾಡೋರು, ಆಕಿಗೆ ಬಾಯಿ ಬಿಡಗೊಡಲಿಲ್ಲ. ಅವತ್ತು ನಿಮ್ಮ ತಮ್ಮ ನನ್ನ ಜೋಡಿ ಗುಡ್ಡ ಏರ್ಯಾನ, ಇಳದಾನ, ನನ್ನ ಸರ್ವೀಸಿನ ಕಥಿ ಪೂರಾ ಕೇಳ್ಯಾನ. ನಡುವ ಒಂದ್ಸಲನೂ ಫೋನು ತೆಗದು ನೋಡಲಿಲ್ಲ. ಹಿಂಗ ಕೇಳೂದು ಎಲ್ಲಿ ಕಲ್ತೀ ಅಂತ ಕೇಳಿದೆ. ‘ಮನ್ಯಾಗ ಅಕ್ಕ ಅದಾಳ್ರಿ’ ಅಂದ.”

ಪಡಸಾಲೆ ಪೂರ್ತಿ ನಕ್ಕಿತು. ಅವ್ವನಿಗೆ ಈಗ ಧೈರ್ಯ ಬಂತು. “ನನಗಂತೂ ಅವತ್ತು ಜೀವದಾಗ ಜೀವ ಇರಲಿಲ್ರೀ ಬೀಗರ. ಎಲ್ಲಿ ಇಕಿ ಆ ಹಾಳ ಗೂಬಿ ತೋರಸ್ತಾಳೋ ಅಂತ.”

“ಗೂಬಿ ನಾ ನೋಡಿದ್ನಲ್ರೀ” ಎಂದರು ಬೀಗರು, ಪಲ್ಯ ಕಲಸುತ್ತಾ.

ನನ್ನ ಕೈಯಲ್ಲಿದ್ದ ಸಾರಿನ ಸೌಟು ಹಾಗೇ ನಿಂತಿತು.

“ಮೇಡಂ ಬಂಡಿಗಲ್ಲಿಗೆ ಬೆನ್ನು ಕೊಟ್ಟು ನಿಂತಿದ್ರಲ್ಲ, ಅವರ ತೆಲಿ ಮ್ಯಾಲೇ ಕಲ್ಲಿನ ಸಂದ್ಯಾಗ ಕುಂತಿತ್ತು. ಇಷ್ಟು ದೊಡ್ಡದು. ಕೊಂಬು ನಿಗರಿಸಿಕೊಂಡು ಅವರ ಪಾಠ ಕೇಳಾಕತ್ತಿತ್ತು. ಹೇಳಾಕ ಹೋದೆ, ಬೈದ್ರು. ಆಮ್ಯಾಲೆ ನನಗೂ ಅನಿಸ್ತು, ಬ್ಯಾಡ ಬಿಡು, ಸಂಬಂಧದ ಟೈಮಿನಾಗ ಗೂಬಿ ಮಾತು ಯಾಕ? ನಾವೇನು ಅದನ್ನೆಲ್ಲ ನಂಬಂಗಿಲ್ರೀ. ನೀವು ನಂಬತೀರೇನೋ ಅಂತ.”

“ಅಯ್ಯ, ನಾವೂ ನಂಬಂಗಿಲ್ರೀ!” ಎಂದಳು ಅವ್ವ. “ನೀವು ನಂಬತೀರೇನೋ ಅಂತ ಆಕಿ ಬಾಯಿ ಮುಚ್ಚಿಸಿದ್ದೆ.”

“ಅಳಿಯಾನೂ ನೋಡ್ಯಾನಲ್ಲ” ಎಂದರು ಬೀಗರು.

ನಾನು ತಮ್ಮನ ಕಡೆ ತಿರುಗಿದೆ. ಇಷ್ಟು ಬೇಸಿಗೆ, ಇಷ್ಟು ಬಿಸಿಲು, ಓಣಿಯಲ್ಲಿ ಇಷ್ಟು ಮಾತು ಕೇಳಿದ್ದೇನೆ. “ಮತ್ತ ಯಾಕ ಹೇಳಲಿಲ್ಲಲೇ?”

“ಸುಮ್ನಿರು ಅಂದಿದ್ದಿ ಅಲ್ಲಕ್ಕಾ” ಎಂದ.

ಮರುದಿನ ಅವ್ವ ತಾನಾಗಿಯೇ ಜೋಳದ ಡಬ್ಬಿಗೆ ಕೈ ಹಾಕಿ ದುರ್ಬೀನು ತೆಗೆದುಕೊಟ್ಟಳು. ಬೀಗರು ರಾತ್ರಿ ನಮ್ಮಲ್ಲೇ ಉಳಿದಿದ್ದರು. ಹೊತ್ತು ಮೂಡುವ ಮುಂಚೆ ತಮ್ಮ ನಮ್ಮಿಬ್ಬರನ್ನೂ ಗಾಡಿಯಲ್ಲಿ ಕರೆದುಕೊಂಡು ಹೋದ. ಮಸ್ಕಿಯಲ್ಲಿ ಗಾಡಿ ನಿಲ್ಲಿಸಲು ನಾನು ಬಿಡಲಿಲ್ಲ. ಗುಡ್ಡ ಏರುವಾಗ ಬೀಗರು ಒಂದು ಮಾತೂ ಆಡಲಿಲ್ಲ. ಎದುರು ಬಂದ ಆಡಿನವಳಿಗೂ ಬರೀ ಕೈ ಎತ್ತಿ ನಮಸ್ಕಾರ ಮಾಡಿದರು, ಪಾಪ ಅವಳು ಇವರಿಗೇನಾಯಿತೋ ಎಂದು ಗಾಬರಿಯಿಂದ ನಿಂತು ನೋಡಿದಳು.

ಬಂಡೆಯ ಗೋಡೆ ಬಂತು. ಬೀಗರು ನನ್ನ ತೋಳು ಹಿಡಿದು ನಿಲ್ಲಿಸಿ ಬೆರಳು ತೋರಿಸಿದರು. ಸಂದಿಯಲ್ಲಿ ಕಲ್ಲಿನದೇ ಬಣ್ಣದ ಒಂದು ಗಂಟು. ಆ ಗಂಟು ಕಣ್ಣು ತೆರೆಯಿತು. ಕಿತ್ತಳೆ ಬಣ್ಣದ ಎರಡು ಕಣ್ಣು, ಮೇಲೆ ಎರಡು ಕೊಂಬು. ನೇರ ನನ್ನನ್ನೇ ನೋಡಿತು. ದುರ್ಬೀನು ಬೇಕಾಗಲೇ ಇಲ್ಲ.

“ಅಯ್ಯಯ್ಯೋ, ಗೂಬಿ! ಲೇ ತಮ್ಮಾ, ನೋಡಲೇ, ಗೂಬೀ!” ಎಂದು ನಾನು ಕೂಗಿದ್ದು ಲಿಂಗಸುಗೂರಿಗೆ ಕೇಳಿಸಿರಬೇಕು. ಗುಡ್ಡದ ಬೆಳವಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಗೂಬೆ ದೊಡ್ಡ ರೆಕ್ಕೆ ಬಿಚ್ಚಿ, ಸದ್ದಿಲ್ಲದೆ ಬಂಡೆಯ ಆಚೆ ಹಾರಿಹೋಯಿತು.

ನಾನು ಬಾಯಿ ತೆರೆದುಕೊಂಡೇ ತಿರುಗಿದೆ. ತಮ್ಮ ನೆಲ ನೋಡುತ್ತಿದ್ದ. ಬೀಗರು ಬಾಯಿಯ ಮೇಲೆ ಬೆರಳಿಟ್ಟುಕೊಂಡು, ಖಾಲಿ ಸಂದಿಯ ಕಡೆ ಒಮ್ಮೆ ನೋಡಿ, ಮೆಲ್ಲಗೆ ಹೇಳಿದರು:

“ಸುಮ್ನಿರ್ರಿ ಮೇಡಂ, ಹಕ್ಕಿ ಹಾರತಾವ.”